ಮೊದಲ ಜೋಡಿ ಪಾರಿವಾಳ: ಹೊಸಬರಿಗೆ ಹಂತ ಹಂತವಾಗಿ ಒಂದು ಕೈಪಿಡಿ

ಪಾರಿವಾಳ ಮನುಷ್ಯನ ಜೊತೆ ಸಾವಿರಾರು ವರ್ಷಗಳಿಂದ ಬಾಳಿದ ಹಕ್ಕಿ. ನಾವು ತಿನ್ನುವ ಕಾಳನ್ನೇ ತಿನ್ನುತ್ತದೆ, ಮನೆಯವರ ಗುರುತು ಹಿಡಿಯುತ್ತದೆ, ಕಟ್ಟಿಕೊಂಡ ಜೋಡಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಇಷ್ಟೊಂದು ಒಗ್ಗುವ ಹಕ್ಕಿಯಾದರೂ ಹೊಸಬರು ತಂದ ಪಾರಿವಾಳಗಳು ಎಷ್ಟೋ ಮನೆಗಳಲ್ಲಿ ಮೊದಲ ಮಳೆಗಾಲ ದಾಟುವುದಿಲ್ಲ. ಹಕ್ಕಿ ಬಲಹೀನ ಅಂತ ಹೀಗಾಗುವುದಲ್ಲ. ಗೂಡು ತೇವವಾಗಿರುತ್ತದೆ, ಇಲ್ಲವೇ ಇಕ್ಕಟ್ಟಾಗಿರುತ್ತದೆ, ಇಲ್ಲವೇ ಸಾಕುವವರಿಗೆ ಅವಸರ ಇರುತ್ತದೆ. ತೇವ, ಇಕ್ಕಟ್ಟು, ಅವಸರ ಈ ಮೂರನ್ನು ದೂರ ಇಟ್ಟವರಿಗೆ ಪಾರಿವಾಳ ಸಾಕುವುದು ಕಷ್ಟವಲ್ಲ. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ಇದೇ ಕ್ರಮದಲ್ಲಿ ಹೋಗಿ. ಗೂಡು ಸಿದ್ಧವಾಗುವ ಮೊದಲು ಹಕ್ಕಿ ತರಬೇಡಿ.

ಹಂತ 1: ಮೊದಲು ಮನೆಯಲ್ಲಿ ಮಾತಾಡಿ

ಚೆನ್ನಾಗಿ ನೋಡಿಕೊಂಡ ಪಾರಿವಾಳ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಏಳನೇ ತರಗತಿಯ ಮಗುವಿಗೆಂದು ತಂದ ಹಕ್ಕಿ, ಆ ಮಗು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಗೂಡಿನಲ್ಲಿರುತ್ತದೆ. ದಿನಕ್ಕೆ ಎರಡು ಹೊತ್ತು ಕಾಳು, ನೀರು. ವಾರಕ್ಕೊಮ್ಮೆ ಗೂಡಿನ ಪೂರ್ತಿ ಶುಚಿ. ನೀವು ಊರಿಗೆ ಹೋದಾಗ ಇದನ್ನೆಲ್ಲ ಮಾಡುವವರು ಯಾರು ಎಂದು ಈಗಲೇ ಗೊತ್ತುಮಾಡಿಕೊಳ್ಳಿ.

ಎರಡನೆಯದು ಆರೋಗ್ಯದ ಮಾತು. ಪಾರಿವಾಳದ ಮೈಯಲ್ಲಿ ಒಂದು ಬಗೆಯ ಗರಿಗಳು ಸದಾ ಸವೆದು ಬಿಳಿ ಪುಡಿಯಾಗಿ ಉದುರುತ್ತಿರುತ್ತವೆ. ಈ ಪುಡಿಯನ್ನೂ ಒಣಗಿದ ಹಿಕ್ಕೆಯ ಧೂಳನ್ನೂ ಬಹುಕಾಲ ಉಸಿರಾಡಿದ ಕೆಲವರಿಗೆ ಶ್ವಾಸಕೋಶದ ಉರಿಯೂತ ಬರುತ್ತದೆ. ವೈದ್ಯರು ಅದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎನ್ನುತ್ತಾರೆ. ಮನೆಯಲ್ಲಿ ಆಸ್ತಮಾ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ಇದ್ದರೆ ಪಾರಿವಾಳ ಬೇಡ. ಉಳಿದವರು ಸಾಕಬಹುದು, ಆದರೆ ಗೂಡು ಮಲಗುವ ಕೋಣೆಯ ಕಿಟಕಿಯ ಬಳಿ ಇರಬಾರದು. ಗುಡಿಸುವಾಗ ಮಾಸ್ಕ್ ತಪ್ಪಬಾರದು.

ಮೂರನೆಯದು ನೆರೆಹೊರೆ. ಬಾಡಿಗೆ ಮನೆಯಾದರೆ ಮಾಲೀಕರನ್ನು, ಅಪಾರ್ಟ್‌ಮೆಂಟ್ ಆದರೆ ಸಂಘದವರನ್ನು ಮೊದಲೇ ಕೇಳಿ. ಪಕ್ಕದ ಮನೆಯವರು ಒಣಗಲು ಹಾಕಿದ ಹಪ್ಪಳ, ಬಟ್ಟೆಯ ಮೇಲೆ ನಿಮ್ಮ ಹಕ್ಕಿ ಕೂತರೆ ಜಗಳ ಬರುವುದು ಖಂಡಿತ. ಮೊದಲೇ ಹೇಳಿ ಒಪ್ಪಿಗೆ ಪಡೆದರೆ ಆ ನೆರೆಯವರೇ ಮುಂದೆ ನೀವಿಲ್ಲದಾಗ ಕಾಳು ಹಾಕುತ್ತಾರೆ.

ಹಂತ 2: ನಿಮ್ಮ ಜಾಗಕ್ಕೆ ಹೊಂದುವ ಹಕ್ಕಿ ಆರಿಸಿ

ಸಾಕು ಪಾರಿವಾಳಗಳಲ್ಲಿ ನೂರಾರು ತಳಿಗಳಿದ್ದರೂ ಎಲ್ಲದರ ಮೂಲ ಒಂದೇ, ಬಂಡೆಗಳಲ್ಲಿ ಗೂಡು ಕಟ್ಟುವ ಕಾಡು ಪಾರಿವಾಳ. ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ತಮ್ಮ ಮನೆಯಲ್ಲಿ ಹಲವು ತಳಿಗಳನ್ನು ಸಾಕಿ ನೋಡಿ, 1859ರಲ್ಲಿ ಬಂದ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ ಮೊದಲ ಅಧ್ಯಾಯದಲ್ಲೇ ಈ ಮಾತನ್ನು ಮಂಡಿಸಿದರು. ಮೂಲ ಒಂದೇ ಆದರೂ ಮನುಷ್ಯ ತಳಿ ಬೆಳೆಸಿದ ಬಗೆ ಬೇರೆ ಬೇರೆ. ಹಾಗಾಗಿ ಒಂದೊಂದರ ಸ್ವಭಾವವೂ ಬೇರೆ.

*ಹೋಮರ್:* ಹಾರಲೆಂದೇ ಬೆಳೆಸಿದ ತಳಿ. ಬೆಂಗಳೂರು, ಚೆನ್ನೈಗಳಲ್ಲಿ ಪಂದ್ಯಕ್ಕೆ ಬಿಡುವ ಹಕ್ಕಿ ಇದೇ. ಒಡಿಶಾ ಪೊಲೀಸರು 1946ರಲ್ಲಿ ಆರಂಭಿಸಿದ ಪಾರಿವಾಳ ಸೇವೆಯಲ್ಲಿ ಇದ್ದದ್ದೂ ಇದೇ. 1999ರ ಚಂಡಮಾರುತದಲ್ಲಿ ತಂತಿ, ಫೋನು ಎಲ್ಲ ಕಡಿದಾಗ ಇವು ಸಂದೇಶ ಹೊತ್ತವು. ಗಟ್ಟಿಮುಟ್ಟು, ರೋಗ ತಡೆಯುವ ಶಕ್ತಿ ಹೆಚ್ಚು. ಹಾರಿಸಲು ತಾರಸಿ ಇದ್ದವರಿಗೆ ಒಳ್ಳೆಯ ಆಯ್ಕೆ.

*ಲಕ್ಕಾ:* ನವಿಲಿನಂತೆ ಬಾಲ ಬಿಚ್ಚುವ ಹಕ್ಕಿ. ಸಾಮಾನ್ಯ ಪಾರಿವಾಳಕ್ಕೆ ಬಾಲದಲ್ಲಿ 12 ಗರಿ. ಇದಕ್ಕೆ 30ಕ್ಕೂ ಹೆಚ್ಚು. ಸಾಧು ಸ್ವಭಾವ, ಆದರೆ ಹಾರಾಟ ಸಾಲದು. ಹೊರಗೆ ಬಿಟ್ಟರೆ ಬೆಕ್ಕಿಗೆ, ಗಿಡುಗಕ್ಕೆ ಸುಲಭದ ತುತ್ತು.

*ಲಾಹೋರಿ:* ದೊಡ್ಡ ಮೈ, ನಿಧಾನದ ನಡೆ, ಕೈಗೆ ಬೇಗ ಒಗ್ಗುತ್ತದೆ. ಗೂಡಿನಲ್ಲೇ ಇಟ್ಟು ಸಾಕುವವರಿಗೆ ಒಳ್ಳೆಯದು.

*ಮುಖಿ:* ನಮ್ಮ ದೇಶದ್ದೇ ತಳಿ. ತಲೆ ಬಿಳಿ, ಮೈ ಬಣ್ಣ. ಕುತ್ತಿಗೆ ಸದಾ ಸಣ್ಣಗೆ ಕಂಪಿಸುತ್ತದೆ. ಕಂಪನ ರೋಗವಲ್ಲ, ತಳಿಯ ಗುಣ.

*ರಿಂಗ್‌ನೆಕ್ ಡವ್:* ಕತ್ತಿನ ಹಿಂದೆ ಕಪ್ಪು ಪಟ್ಟಿ ಇರುವ, ಆಫ್ರಿಕಾ ಮೂಲದ ಸಾಕು ಬೆಳವ. ತೂಕ ಸುಮಾರು 150 ಗ್ರಾಂ. ಬಿಳಿ ಬಣ್ಣದ್ದೂ ಸಿಗುತ್ತದೆ. ಬಾಲ್ಕನಿಯ ದೊಡ್ಡ ಪಂಜರದಲ್ಲಿ ನೆಮ್ಮದಿಯಾಗಿರುತ್ತದೆ. ಇದಕ್ಕೆ ಮನೆಗೆ ಮರಳುವ ಶಕ್ತಿ ಇಲ್ಲ. ಹೊರಗೆ ಬಿಟ್ಟರೆ ಕಳೆದುಹೋಗುತ್ತದೆ.

*ಡೈಮಂಡ್ ಡವ್:* ಆಸ್ಟ್ರೇಲಿಯಾ ಮೂಲದ ಪುಟ್ಟ ಹಕ್ಕಿ. ರೆಕ್ಕೆಯ ಮೇಲೆ ಬಿಳಿ ಚುಕ್ಕೆ, ಕಣ್ಣಿನ ಸುತ್ತ ಕೆಂಪು ಬಳೆ. ಗಂಡಿಗೆ ಬಳೆ ದಪ್ಪ. ಚಿಕ್ಕ ಮನೆಯವರಿಗೆ ಸರಿ, ಆದರೆ ಚಳಿ ತಡೆಯದು.

ಒಂದು ಎಚ್ಚರಿಕೆ. ನಮ್ಮ ಹಿತ್ತಲು, ಹೊಲಗಳಲ್ಲಿ ಕಾಣುವ ಚುಕ್ಕೆ ಬೆಳವ, ಕಂದು ಬೆಳವ, ಮಲೆನಾಡಿನ ಪಚ್ಚೆ ಬೆಳವ, ಆಲದ ಹಣ್ಣಿಗೆ ಬರುವ ಹಸಿರು ಪಾರಿವಾಳ ಇವೆಲ್ಲ ಕಾಡು ಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಸಂತೆಯಲ್ಲಿ ಯಾರಾದರೂ ಕೊಟ್ಟರೂ ಕೊಳ್ಳಬೇಡಿ. ಕಟ್ಟಡಗಳ ಮೇಲಿನ ಬೀದಿ ಪಾರಿವಾಳವನ್ನೂ ಹಿಡಿದು ತರಬೇಡಿ. ಅದರ ಜೊತೆ ರೋಗವೂ ಬರುತ್ತದೆ.

ಹಂತ 3: ಗೂಡು ಕಟ್ಟಿ

ನಿಮ್ಮ ಹಣ, ಶ್ರಮ ಹೆಚ್ಚು ಸಲ್ಲಬೇಕಾದದ್ದು ಗೂಡಿಗೆ. ದುಬಾರಿ ಹಕ್ಕಿಯನ್ನು ಕೆಟ್ಟ ಗೂಡಿನಲ್ಲಿ ಇಡುವುದಕ್ಕಿಂತ ಸಾಧಾರಣ ಹಕ್ಕಿಯನ್ನು ಒಳ್ಳೆಯ ಗೂಡಿನಲ್ಲಿ ಇಡುವುದು ಲೇಸು.

*ಅಳತೆ:* 6 ಅಡಿ ಉದ್ದ, 4 ಅಡಿ ಅಗಲ, 6 ಅಡಿ ಎತ್ತರದ ಗೂಡು ನಾಲ್ಕು ಜೋಡಿ ಪಾರಿವಾಳಕ್ಕೆ ಸಾಕು. ಅದಕ್ಕಿಂತ ಹೆಚ್ಚು ತುಂಬಬೇಡಿ. ನೀವು ಒಳಗೆ ನಿಂತು ಗುಡಿಸುವಂತಿರಬೇಕು. ಬಗ್ಗಿ ಕೈ ಹಾಕಿ ಗುಡಿಸುವ ಗೂಡು ಬೇಗ ಕೊಳಕಾಗುತ್ತದೆ. ಒಂದು ಜೋಡಿ ರಿಂಗ್‌ನೆಕ್ ಬೆಳವಕ್ಕೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲದ ಪಂಜರ ಬೇಕು. ಇಲ್ಲಿ ಎತ್ತರಕ್ಕಿಂತ ಉದ್ದ ಮುಖ್ಯ. ಬೆಳವ ಅಡ್ಡಡ್ಡ ಹಾರುತ್ತದೆಯೇ ಹೊರತು ಗಿಳಿಯ ಹಾಗೆ ಕಂಬಿ ಹಿಡಿದು ಹತ್ತುವುದಿಲ್ಲ. ಹಕ್ಕಿಗೆ ಸರಿಯಾಗಿ ಅಲುಗಾಡಲೂ ಆಗದ ಪಂಜರದಲ್ಲಿ ಕೂಡಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

*ದಿಕ್ಕು:* ಮುಂಗಾರು ನಮ್ಮಲ್ಲಿ ನೈಋತ್ಯದಿಂದ ಬೀಸುತ್ತದೆ. ಆದ್ದರಿಂದ ದಕ್ಷಿಣ, ಪಶ್ಚಿಮದ ಗೋಡೆಗಳನ್ನು ಹಲಗೆಯಿಂದ ಪೂರ್ತಿ ಮುಚ್ಚಿ. ಪೂರ್ವಕ್ಕೆ ಜಾಲರಿ ಇರಲಿ. ಬೆಳಗಿನ ಎಳೆ ಬಿಸಿಲು ಒಳಗೆ ಬಿದ್ದರೆ ನೆಲ ಒಣಗುತ್ತದೆ, ಹಕ್ಕಿಗೆ ವಿಟಮಿನ್ ಡಿ ಸಿಗುತ್ತದೆ. ಬಿಸಿಗಾಳಿ ಹೊರಹೋಗಲು ಚಾವಣಿಯ ಕೆಳಗೆ ಒಂದು ಗೇಣು ಜಾಲರಿಯ ಸಂದು ಬಿಡಿ.

*ಚಾವಣಿ:* ಮುಂದೆ ಒಂದೂವರೆ ಅಡಿ ಚಾಚಿರಲಿ, ಎರಚಲು ಒಳಗೆ ಬರಬಾರದು. ತಗಡಿನ ಶೀಟ್ ಹಾಕಿದರೆ ಮೇಲೆ ತೆಂಗಿನ ಗರಿ ಹೊದಿಸಿ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಬರಿಯ ತಗಡಿನ ಕೆಳಗೆ ಹಕ್ಕಿ ಉಳಿಯುವುದು ಕಷ್ಟ.

*ನೆಲ, ಜಾಲರಿ:* ಗೂಡನ್ನು ಇಟ್ಟಿಗೆ ಅಥವಾ ಕಬ್ಬಿಣದ ಕಾಲಿನ ಮೇಲೆ ಒಂದೂವರೆ ಅಡಿ ಎತ್ತರಿಸಿ. ಕೆಳಗೆ ಗಾಳಿ ಆಡಿದರೆ ತೇವ ನಿಲ್ಲದು, ಇಲಿ ಬಿಲ ತೋಡದು. ಜಾಲರಿಯ ಕಣ್ಣು ಅರ್ಧ ಇಂಚು ಮೀರಬಾರದು. ಕೋಳಿ ಸಾಕಲು ಬಳಸುವ ದೊಡ್ಡ ಕಣ್ಣಿನ ಜಾಲರಿಯಲ್ಲಿ ಇಲಿ, ಹಾವು ನುಸುಳುತ್ತವೆ. ಬೆಕ್ಕು ಪಂಜ ತೂರಿಸುತ್ತದೆ. ಬಾಗಿಲಿಗೆ ಬೀಗ ಇರಲಿ.

*ಕೂರುವ ಜಾಗ:* ಪಾರಿವಾಳ ಬಂಡೆಯ ಹಕ್ಕಿ. ದುಂಡು ಕೋಲಿಗಿಂತ 4 ಇಂಚು ಅಗಲದ ಚಪ್ಪಟೆ ಹಲಗೆ ಅದಕ್ಕೆ ಹಿತ. ಹಕ್ಕಿಗಳ ಸಂಖ್ಯೆಗಿಂತ ಎರಡು ಮೂರು ಹಲಗೆ ಹೆಚ್ಚೇ ಇರಲಿ, ಇಲ್ಲವಾದರೆ ಸಂಜೆ ಜಾಗಕ್ಕಾಗಿ ಕಾದಾಡುತ್ತವೆ. ಬೆಳವಕ್ಕೆ ಮಾತ್ರ ಹೆಬ್ಬೆರಳು ದಪ್ಪದ ಮರದ ಕೊಂಬೆ ಬೇಕು.

*ಮೊಟ್ಟೆಯ ಖಾನೆ:* ಪ್ರತಿ ಜೋಡಿಗೆ 24 ಇಂಚು ಅಗಲ, 15 ಇಂಚು ಎತ್ತರ, 15 ಇಂಚು ಆಳದ ಒಂದು ಖಾನೆ. ಅದರೊಳಗೆ 8–9 ಇಂಚು ಅಗಲದ ಎರಡು ಮಣ್ಣಿನ ತಟ್ಟೆ. ಮೊದಲ ಮರಿಗಳು ಗೂಡು ಬಿಡುವ ಮೊದಲೇ ಹೆಣ್ಣು ಮತ್ತೆ ಮೊಟ್ಟೆ ಇಡುವುದರಿಂದ ಎರಡು ಬೇಕು.

ಹಂತ 4: ಹಕ್ಕಿ ನೋಡಿ ಕೊಳ್ಳಿ

ಸಂತೆಗಿಂತ ಮನೆಯಲ್ಲಿ ಸಾಕುವವರ ಹತ್ತಿರ ಕೊಳ್ಳುವುದು ಮೇಲು. ಸಂತೆಯ ಪಂಜರದಲ್ಲಿ ಹತ್ತೂರಿನ ಹಕ್ಕಿಗಳು ಒಟ್ಟಿಗೆ ಇರುತ್ತವೆ, ಒಂದರ ರೋಗ ಎಲ್ಲಕ್ಕೂ ಹರಡಿರುತ್ತದೆ. ಸಾಕುವವರ ಮನೆಗೆ ಹೋದರೆ ಹಕ್ಕಿಯ ತಾಯಿ ತಂದೆಯನ್ನೂ ಗೂಡನ್ನೂ ನೋಡಬಹುದು, ಯಾವ ಕಾಳು ಹಾಕುತ್ತಾರೆ ಎಂದು ಕೇಳಬಹುದು. ಗೂಡಿನ ವಾಸನೆ ಮೂಗಿಗೆ ಹೊಡೆದರೆ ವಾಪಸ್ ಬನ್ನಿ.

ಕೈಗೆ ತೆಗೆದುಕೊಂಡು ಒಂದೊಂದಾಗಿ ನೋಡಿ. ಕಣ್ಣು ಹೊಳೆಯುತ್ತಿರಬೇಕು, ನೀರು ಸುರಿಯಬಾರದು. ಬಾಯಿ ತೆರೆದು ನೋಡಿದರೆ ಒಳಗೆ ಹಳದಿ ಗಂಟು ಇರಬಾರದು. ಸುಮ್ಮನೆ ಕೂತಾಗ ಬಾಯಿ ತೆರೆದು ಉಸಿರಾಡಬಾರದು. ಎದೆಮೂಳೆ ಕತ್ತಿಯ ಅಲಗಿನಂತೆ ಚುಚ್ಚದೆ ಎರಡೂ ಕಡೆ ಮಾಂಸ ತುಂಬಿರಬೇಕು. ಬಾಲದ ಕೆಳಗಿನ ಗರಿಗೆ ಹಸಿರು ಹಿಕ್ಕೆ ಮೆತ್ತಿರಬಾರದು. ರೆಕ್ಕೆ ಬಿಡಿಸಿ ಹೇನು, ನೊಣ ಇವೆಯೇ ನೋಡಿ. ಹೋಮರ್ ಆದರೆ ಕಾಲಿನ ಉಂಗುರದಲ್ಲಿ ಹುಟ್ಟಿದ ವರ್ಷ ಇರುತ್ತದೆ.

ಹೋಮರ್ ಕೊಳ್ಳುವಾಗ ದೊಡ್ಡ ಹಕ್ಕಿ ಬೇಡ. ಅದು ಎಷ್ಟು ತಿಂಗಳು ಕೂಡಿಟ್ಟರೂ ಬಿಟ್ಟ ದಿನ ಹಳೆಯ ಮನೆಗೆ ಹೋಗಿಬಿಡಬಹುದು. ತಾನೇ ಕಾಳು ತಿನ್ನಲು ಕಲಿತ, ಇನ್ನೂ ಹೊರಗೆ ಹಾರದ, 30–40 ದಿನದ ಮರಿಯನ್ನು ತನ್ನಿ. ತಲೆಯ ಮೇಲೆ ಹಳದಿ ನವಿರು ಇನ್ನೂ ಉಳಿದಿದ್ದರೆ ಅದು ಎಳೆಯ ಹಕ್ಕಿ.

ಗಂಡು ಹೆಣ್ಣು ಬಣ್ಣದಿಂದ ತಿಳಿಯದು, ನಡತೆಯಿಂದ ತಿಳಿಯುತ್ತದೆ. ಗಂಡು ಕತ್ತು ಉಬ್ಬಿಸಿ ಗುಟುರು ಹಾಕುತ್ತಾ ಸುತ್ತು ತಿರುಗುತ್ತದೆ. ಆದರೂ ಮೋಸ ಹೋಗುವುದುಂಟು. ಒಂದೇ ತಟ್ಟೆಯಲ್ಲಿ ನಾಲ್ಕು ಮೊಟ್ಟೆ ಕಂಡರೆ ನಿಮ್ಮ ‘ಜೋಡಿ’ ಎರಡೂ ಹೆಣ್ಣು ಎಂದು ತಿಳಿಯಿರಿ. ಒಂಟಿ ಹಕ್ಕಿಯನ್ನು ಮಾತ್ರ ಸಾಕಬೇಡಿ. ಅದು ಗುಂಪಿನ ಪ್ರಾಣಿ, ಸೊರಗುತ್ತದೆ.

ಹಂತ 5: ಮೊದಲ ತಿಂಗಳು ತಾಳ್ಮೆಯಿಂದಿರಿ

ತಂದ ದಿನ ಕಾಳು, ನೀರು ಇಟ್ಟು ಹಕ್ಕಿಯನ್ನು ಅದರ ಪಾಡಿಗೆ ಬಿಡಿ. ಮಕ್ಕಳು, ನೆಂಟರು ಗೂಡಿನ ಸುತ್ತ ನೆರೆಯುವುದು ಬೇಡ. ಮೊದಲೆರಡು ದಿನ ಕಡಿಮೆ ತಿಂದರೆ ಗಾಬರಿಯಾಗಬೇಕಿಲ್ಲ. ನೀರನ್ನೇ ಕುಡಿಯದಿದ್ದರೆ ಮಾತ್ರ ಕೊಕ್ಕಿನ ತುದಿಯನ್ನು ನಿಧಾನವಾಗಿ ನೀರಿಗೆ ಮುಟ್ಟಿಸಿ ಜಾಗ ತೋರಿಸಿ.

ಮೊದಲ ವಾರದಲ್ಲೇ ಹಿಕ್ಕೆಯ ಮಾದರಿಯನ್ನು ಪಶುವೈದ್ಯರಿಗೆ ತೋರಿಸಿ. ಜಂತು ಅಥವಾ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿ ಇದ್ದರೆ ಅವರು ಹೇಳಿದ ಔಷಧ ಮಾತ್ರ ಕೊಡಿ. ಕತ್ತು ತಿರುಚುವ ಪ್ಯಾರಾಮಿಕ್ಸೊ ವೈರಸ್ ರೋಗಕ್ಕೆ ಲಸಿಕೆ ಇದೆ. ಯಾವುದು, ಯಾವಾಗ ಎಂದು ಅವರಿಂದಲೇ ಕೇಳಿ ಹಾಕಿಸಿ.

ಮುಂದೆ ಎಂದಾದರೂ ಹೊಸ ಹಕ್ಕಿ ತಂದರೆ 30 ದಿನ ಬೇರೆ ಜಾಗದಲ್ಲಿ ಇಡಿ. ಅದರ ಪಾತ್ರೆ ಬೇರೆ, ಪೊರಕೆ ಬೇರೆ. ಮೊದಲು ಹಳೆಯ ಹಕ್ಕಿಗಳ ಕೆಲಸ ಮುಗಿಸಿ ಆಮೇಲೆ ಹೊಸದರ ಬಳಿ ಹೋಗಿ. ಈ ಒಂದು ತಿಂಗಳನ್ನು ಉಳಿಸಲು ಹೋಗಿ ಇಡೀ ಗೂಡನ್ನು ಕಳೆದುಕೊಂಡವರು ಬಹಳ ಮಂದಿ.

ಹಂತ 6: ಕಾಳು, ನೀರು, ಗ್ರಿಟ್

ಪಾರಿವಾಳ ಕಾಳನ್ನು ಇಡಿಯಾಗಿ ನುಂಗುತ್ತದೆ. ಒಂದೇ ಬಗೆಯ ಕಾಳು ಸಾಲದು. ಹತ್ತು ಲೋಟ ಮಿಶ್ರಣಕ್ಕೆ ಹೀಗೆ ಅಳೆಯಿರಿ:

- ಜೋಳ ಅಥವಾ ಸಣ್ಣ ಮೆಕ್ಕೆಜೋಳ: 3 ಲೋಟ
- ಗೋಧಿ: 2 ಲೋಟ
- ಸಜ್ಜೆ: 2 ಲೋಟ
- ಹೆಸರುಕಾಳು, ಒಣ ಬಟಾಣಿ, ಸಣ್ಣ ಕಡಲೆ ಸೇರಿಸಿ: 3 ಲೋಟ
- ಮೇಲಿಂದ ಒಂದು ಹಿಡಿ ಕುಸುಬೆ ಅಥವಾ ಸೂರ್ಯಕಾಂತಿ ಬೀಜ

ಮರಿ ಸಾಕುವಾಗ, ಗರಿ ಉದುರಿಸುವಾಗ ಬೇಳೆಕಾಳನ್ನು ಹೆಚ್ಚಿಸಿ. ಸುಮ್ಮನೆ ಗೂಡಿನಲ್ಲೇ ಇರುವಾಗ ಕಡಿಮೆ ಮಾಡಿ. ಬೆಳವಗಳಿಗೆ ಸಜ್ಜೆ, ನವಣೆ, ಸಾಮೆ, ಒಡೆದ ಗೋಧಿ ಸರಿ. ಡೈಮಂಡ್ ಡವ್‌ಗೆ ನವಣೆ, ಸಾಮೆ, ರಾಗಿಯಂಥ ಸಣ್ಣ ಧಾನ್ಯವೇ ಬೇಕು.

ಒಂದು ಪಾರಿವಾಳಕ್ಕೆ ದಿನಕ್ಕೆ 30–40 ಗ್ರಾಂ, ರಿಂಗ್‌ನೆಕ್ ಬೆಳವಕ್ಕೆ ಸುಮಾರು 15 ಗ್ರಾಂ ಸಾಕು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಹೆಚ್ಚು ಹಾಕಿ, ಇಪ್ಪತ್ತು ನಿಮಿಷದಲ್ಲಿ ಉಳಿದದ್ದನ್ನು ತೆಗೆಯಿರಿ. ದಿನವಿಡೀ ತಟ್ಟೆ ತುಂಬಿಟ್ಟರೆ ಇಷ್ಟವಾದ ಕಾಳನ್ನಷ್ಟೇ ಆರಿಸಿ ತಿಂದು ಮಿಕ್ಕದ್ದನ್ನು ಚೆಲ್ಲುತ್ತವೆ, ಇಲಿಗಳು ಬರುತ್ತವೆ. ನೆಲಕ್ಕೆ ಎರಚುವುದು ಬೇಡ, ಉದ್ದನೆಯ ತೊಟ್ಟಿಯಲ್ಲಿ ಹಾಕಿ.

ಹಕ್ಕಿಗೆ ಹಲ್ಲಿಲ್ಲ. ನುಂಗಿದ ಕಾಳನ್ನು ಅರೆಯುವುದು ಹೊಟ್ಟೆಯ ಸ್ನಾಯುಚೀಲ, ಅದಕ್ಕೆ ಸಣ್ಣ ಕಲ್ಲು ಬೇಕು. ಇದಕ್ಕೇ ಗ್ರಿಟ್ ಇಡುವುದು. ಕಪ್ಪೆಚಿಪ್ಪಿನ ಚೂರು, ಕಲ್ಲಿನ ಹರಳು, ಇಟ್ಟಿಗೆ ಚೂರು, ಇದ್ದಿಲು, ಚಿಟಿಕೆ ಉಪ್ಪು ಸೇರಿದ ಗ್ರಿಟ್ ಹಕ್ಕಿಯ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಬಟ್ಟಲಲ್ಲಿ ಸದಾ ಇರಲಿ, ಒದ್ದೆಯಾದರೆ ಬದಲಿಸಿ. ಚಿಪ್ಪಿನ ಸುಣ್ಣ ಮೊಟ್ಟೆಯ ಕವಚಕ್ಕೂ ಮರಿಯ ಮೂಳೆಗೂ ಹೋಗುತ್ತದೆ. ವಾರಕ್ಕೆರಡು ಬಾರಿ ಸಣ್ಣಗೆ ಹೆಚ್ಚಿದ ಪಾಲಕ್, ನುಗ್ಗೆ ಸೊಪ್ಪು ಕೊಡಿ.

ಪಾರಿವಾಳ ನೀರನ್ನು ಕೋಳಿಯಂತೆ ಕೊಕ್ಕೆತ್ತಿ ಕುಡಿಯುವುದಿಲ್ಲ. ಕೊಕ್ಕನ್ನು ಪೂರ್ತಿ ಅದ್ದಿ ಹೀರುತ್ತದೆ. ಆದ್ದರಿಂದ ನೀರು ಕನಿಷ್ಠ ಒಂದು ಇಂಚು ಆಳ ಇರಬೇಕು. ಹಿಕ್ಕೆ ಬೀಳದಂತೆ ಮೇಲೆ ಮುಚ್ಚಳ ಇರುವ ಪಾತ್ರೆ ಬಳಸಿ. ದಿನವೂ ಉಜ್ಜಿ ತೊಳೆದು ನೀರು ಬದಲಿಸಿ. ಬೇಸಿಗೆಯಲ್ಲಿ ಎರಡು ಸಲ.

ಕೊಡಬಾರದವು: ಅನ್ನ, ಬ್ರೆಡ್, ಖಾರ ಮಿಕ್ಸ್ಚರ್, ಚಾಕೊಲೇಟ್, ಬೆಣ್ಣೆಹಣ್ಣು, ಬೇಯಿಸದ ರಾಜ್ಮಾ. ಬೂಸಲು ಹಿಡಿದ ಮೆಕ್ಕೆಜೋಳ ನೇರ ವಿಷ, ಅದರಲ್ಲಿನ ಅಫ್ಲಾಟಾಕ್ಸಿನ್ ಯಕೃತ್ತನ್ನು ಹಾಳುಮಾಡುತ್ತದೆ. ಮಳೆಗಾಲದಲ್ಲಿ ಕಾಳನ್ನು ಬಿಸಿಲು ಬಂದಾಗಲೆಲ್ಲ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಹಳ್ಳಿಯವರು ಇನ್ನೊಂದು ಎಚ್ಚರ ವಹಿಸಬೇಕು: ಬಿತ್ತನೆಗೆ ತಂದ, ಔಷಧ ಲೇಪಿಸಿದ ಬಣ್ಣದ ಬೀಜವನ್ನು ಹಕ್ಕಿಗೆ ಎಂದೂ ಹಾಕಬೇಡಿ.

ಹಂತ 7: ದಿನದ ಕೆಲಸ, ವಾರದ ಕೆಲಸ

*ದಿನವೂ:* ಗೂಡಿನ ಮುಂದೆ ಐದು ನಿಮಿಷ ಸುಮ್ಮನೆ ನಿಂತು ನೋಡಿ. ಯಾವುದು ಕಾಳಿಗೆ ಓಡಿ ಬರಲಿಲ್ಲ, ಯಾವುದು ಗರಿ ಉಬ್ಬಿಸಿ ಮೂಲೆಯಲ್ಲಿ ಕೂತಿದೆ? ಹಿಕ್ಕೆ ನೋಡಿ: ಕಂದು ಉಂಡೆಯ ಮೇಲೆ ಬಿಳಿ ಟೋಪಿ ಇದ್ದರೆ ಆರೋಗ್ಯ, ಹಸಿರು ನೀರಾಗಿದ್ದರೆ ತೊಂದರೆ. ಪಾರಿವಾಳ ಕಾಯಿಲೆಯನ್ನು ಕೊನೆಯವರೆಗೂ ಅಡಗಿಸುತ್ತದೆ, ಅದಕ್ಕೇ ದಿನದ ಈ ಐದು ನಿಮಿಷ ಯಾವ ಔಷಧಕ್ಕಿಂತ ದೊಡ್ಡದು.

*ವಾರಕ್ಕೊಮ್ಮೆ:* ಮಾಸ್ಕ್ ಹಾಕಿಕೊಂಡು, ಒಣ ಹಿಕ್ಕೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಕೆರೆದು ತೆಗೆಯಿರಿ, ಧೂಳು ಏಳುವುದಿಲ್ಲ. ಕೆಲಸ ಮುಗಿದ ಕೂಡಲೇ ನೆಲ ಒಣಗಲು ಬಿಡಿ. ಹಿಕ್ಕೆಯಲ್ಲಿ ಸಾರಜನಕ ಹೆಚ್ಚು. ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ತಿಪ್ಪೆಯಲ್ಲಿ ಕೆಲವು ತಿಂಗಳು ಕೊಳೆಸಿದರೆ ಒಳ್ಳೆಯ ಗೊಬ್ಬರ.

*ವಾರಕ್ಕೆರಡು ಬಾರಿ:* ಬೆಳಗಿನ ಬಿಸಿಲಲ್ಲಿ 2–3 ಇಂಚು ನೀರಿರುವ ಅಗಲ ಟಬ್ ಇಡಿ. ಸ್ನಾನ ಪಾರಿವಾಳಕ್ಕೆ ಹಬ್ಬ. ಹೇನು ಕಡಿಮೆಯಾಗುತ್ತದೆ, ಗರಿಯ ಪುಡಿಯೂ ತಗ್ಗುತ್ತದೆ. ಸ್ನಾನವಾದ ತಕ್ಷಣ ನೀರು ಚೆಲ್ಲಿ, ಅದನ್ನೇ ಕುಡಿಯಬಾರದು.

ಹಂತ 8: ಕೈಗೆ ಒಗ್ಗಿಸಿ

ಮೊದಲ ದಿನದಿಂದಲೇ ಕಾಳು ಹಾಕುವ ಮುನ್ನ ಒಂದೇ ಬಗೆಯ ಸದ್ದು ಮಾಡಿ. ಸಿಳ್ಳೆಯಾಗಲಿ, ಡಬ್ಬಿ ಅಲುಗಿಸುವುದಾಗಲಿ, ಬದಲಿಸಬೇಡಿ. ಎರಡು ವಾರದಲ್ಲಿ ಆ ಸದ್ದಿಗೆ ಹಕ್ಕಿ ಓಡಿ ಬರುತ್ತದೆ. ಆಮೇಲೆ ಅಂಗೈಯಲ್ಲಿ ಹೆಸರುಕಾಳು ಹಿಡಿದು ಅಲುಗದೆ ಕೂರಿ. ಅದಾಗಿ ಬರುವವರೆಗೆ ಕಾಯಿರಿ, ಬೆನ್ನಟ್ಟಬೇಡಿ.

ಹಿಡಿಯಬೇಕಾದಾಗ ಎರಡೂ ಕೈಯಿಂದ ರೆಕ್ಕೆಗಳು ಮುಚ್ಚಿದಂತೆ ಹಿಡಿದು, ಕಾಲುಗಳನ್ನು ತೋರುಬೆರಳು ಮತ್ತು ಮಧ್ಯಬೆರಳಿನ ನಡುವೆ ತೆಗೆದುಕೊಳ್ಳಿ. ಹೆಬ್ಬೆರಳು ರೆಕ್ಕೆಯ ತುದಿ, ಬಾಲದ ಮೇಲಿರಲಿ. ಇನ್ನೊಂದು ಕೈ ಎದೆಗೆ ಆಸರೆ ಕೊಡಲಿ. ಎದೆಯನ್ನು ಒತ್ತಬೇಡಿ, ಹಕ್ಕಿ ಉಸಿರಾಡುವುದು ಎದೆಗೂಡನ್ನು ಅಲುಗಿಸಿ, ಬಿಗಿಯಾಗಿ ಹಿಡಿದರೆ ಉಸಿರು ಕಟ್ಟುತ್ತದೆ. ರೆಕ್ಕೆಯ ಗರಿ ಕತ್ತರಿಸಬೇಡಿ. ಹಾರಲಾಗದ ಹಕ್ಕಿ ಬೆಕ್ಕಿನಿಂದ ತಪ್ಪಿಸಿಕೊಳ್ಳಲಾರದು.

ಹಂತ 9: ಹಾರಿಸುವುದಾದರೆ ಹೀಗೆ

ಇದು ಹೋಮರ್‌ನಂಥ ಹಾರುವ ತಳಿಗಷ್ಟೇ. ಲಕ್ಕಾ, ಬೆಳವ, ಬಿಳಿ ಡವ್‌ಗಳನ್ನು ಹೊರಗೆ ಬಿಡಬೇಡಿ. ಮದುವೆ, ಸಮಾರಂಭಗಳಲ್ಲಿ ಶಾಂತಿಯ ಗುರುತೆಂದು ಬಿಳಿ ಬೆಳವ ಹಾರಿಸುವುದುಂಟು. ಆ ಹಕ್ಕಿಗೆ ಮನೆ ಸೇರಲೂ ಬಾರದು, ಹೊರಗೆ ಆಹಾರ ಹುಡುಕಲೂ ಬಾರದು. ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ.

ಮರಿಯನ್ನು ಗೂಡಿಗೆ ತಂದ ಮೇಲೆ ಎರಡರಿಂದ ನಾಲ್ಕು ವಾರ ಒಳಗೇ ಇಡಿ. ಗೂಡಿನ ಮುಂದೆ ಒಂದು ಜಾಲರಿ ಪೆಟ್ಟಿಗೆ ಕಟ್ಟಿ ಹಗಲಲ್ಲಿ ಅದರಲ್ಲಿ ಕೂರಿಸಿದರೆ ಸುತ್ತಲಿನ ಮರ, ನೀರಿನ ಟ್ಯಾಂಕು, ಮನೆಗಳನ್ನು ಗುರುತು ಮಾಡಿಕೊಳ್ಳುತ್ತದೆ. ಒಳಗೆ ಬರಲು ಬಿಟ್ಟು ಹೊರಹೋಗಲು ಬಿಡದ ತಂತಿ ಬಾಗಿಲನ್ನೂ ಇಲ್ಲೇ ಕಲಿಸಿ. ಮೊದಲ ಸಲ ಬಿಡುವುದು ಸಂಜೆಯ ಕಾಳಿಗೆ ಒಂದು ಗಂಟೆ ಮೊದಲು, ಹಕ್ಕಿ ಹಸಿದಿರುವಾಗ. ಬಾಗಿಲು ತೆರೆದು ನೀವು ದೂರ ನಿಲ್ಲಿ, ಅದೇ ಹೊರಬರಲಿ. ಕೈಯಿಂದ ಎಸೆಯಬೇಡಿ. ಕತ್ತಲಾಗುವ ಮುನ್ನ ನಿಮ್ಮ ಸದ್ದು ಮಾಡಿ ಕರೆಯಿರಿ. ಮೋಡ, ಗಾಳಿ, ಮಳೆಯ ದಿನ ಬೇಡ.

ಆಕಾಶದಲ್ಲಿ ಎರಡು ಅಪಾಯ. ಒಂದು ಗಿಡುಗ, ಚಳಿಗಾಲದಲ್ಲಿ ವಲಸೆ ಬರುವ ಬೇಟೆ ಹಕ್ಕಿಗಳೂ ಸೇರಿಕೊಳ್ಳುತ್ತವೆ. ಗಿಡುಗ ಸುತ್ತುವುದು ಕಂಡರೆ ಕೆಲವು ದಿನ ಬಿಡಬೇಡಿ. ಎರಡನೆಯದು ಗಾಳಿಪಟದ ಮಾಂಜಾ. ನೈಲಾನ್ ಮತ್ತು ಗಾಜು ಲೇಪಿಸಿದ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದೆ, ಆದರೂ ಕದ್ದು ಮಾರುತ್ತಾರೆ. ಅದು ರೆಕ್ಕೆಯನ್ನೇ ಕತ್ತರಿಸುತ್ತದೆ. ನಮ್ಮಲ್ಲಿ ಗಾಳಿಪಟ ಹೆಚ್ಚು ಏಳುವ ಆಷಾಢದಲ್ಲಿ ಹಕ್ಕಿ ಗೂಡಿನಲ್ಲೇ ಇರಲಿ.

ಹಂತ 10: ಮೊಟ್ಟೆ, ಮರಿ, ಮಿತಿ

ಐದಾರು ತಿಂಗಳಿಗೆ ಹಕ್ಕಿ ಜೋಡಿಗೆ ಬರುತ್ತದೆ. ಬೇವಿನ ಕಡ್ಡಿ, ಪೊರಕೆ ಕಡ್ಡಿ ಇಟ್ಟರೆ ಗಂಡು ಒಂದೊಂದಾಗಿ ತಂದುಕೊಡುತ್ತದೆ, ಹೆಣ್ಣು ಜೋಡಿಸುತ್ತದೆ. ಮೊಟ್ಟೆ ಎರಡು, ಮೊದಲನೆಯದು ಇಟ್ಟು ಎರಡು ದಿನದೊಳಗೆ ಎರಡನೆಯದು. ಹಗಲಿನ ನಡುಹೊತ್ತು ಗಂಡು, ಉಳಿದ ಹೊತ್ತು, ರಾತ್ರಿಯೆಲ್ಲ ಹೆಣ್ಣು ಕಾವು ಕೂರುತ್ತವೆ. 17–18 ದಿನಕ್ಕೆ ಮರಿ. ರಿಂಗ್‌ನೆಕ್ ಬೆಳವಕ್ಕೆ ಸುಮಾರು 14–15 ದಿನ.

ಮರಿಗೆ ಮೊದಲ ದಿನಗಳಲ್ಲಿ ತಂದೆ ತಾಯಿ ಇಬ್ಬರೂ ತಮ್ಮ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಗಟ್ಟಿ ಆಹಾರ ಕೊಡುತ್ತವೆ. ಇದಕ್ಕೆ ಬದಲಿ ಇಲ್ಲ. ಹಸುವಿನ ಹಾಲು ಕುಡಿಸಬೇಡಿ, ಮರಿ ಸಾಯುತ್ತದೆ. ಕಾಳು, ನೀರು, ಗ್ರಿಟ್ ತಪ್ಪದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ. ಮರಿಯನ್ನು ಅವೇ ಸಾಕುತ್ತವೆ. ಗುರುತಿನ ಉಂಗುರ ಹಾಕುವುದಿದ್ದರೆ ಒಂದು ವಾರದ ಹೊತ್ತಿಗೆ ಹಾಕಬೇಕು, ತಡವಾದರೆ ಕಾಲು ದಪ್ಪವಾಗಿ ಹೋಗುವುದಿಲ್ಲ. ನಾಲ್ಕೈದು ವಾರಕ್ಕೆ ಮರಿ ಸ್ವತಂತ್ರ.

ಇಲ್ಲಿಯೇ ಹೊಸಬರು ಸೋಲುವುದು. ಒಂದು ಜೋಡಿ ವರ್ಷಕ್ಕೆ ಐದಾರು ಬಾರಿ ಮೊಟ್ಟೆ ಇಡಬಲ್ಲದು. ಎಲ್ಲವನ್ನೂ ಬಿಟ್ಟರೆ ವರ್ಷದೊಳಗೆ ನಾಲ್ಕು ಜೋಡಿಯ ಗೂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಕ್ಕಟ್ಟು ಶುರುವಾಗುವುದು ಹೀಗೆ, ಅದರ ಹಿಂದೆಯೇ ರೋಗ. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬೇಡಿ. ಬೇಡವಾದಾಗ ಇಟ್ಟ ಕೂಡಲೇ ಮೊಟ್ಟೆ ತೆಗೆದು ಅದೇ ಅಳತೆಯ ಮರದ ಅಥವಾ ಪ್ಲಾಸ್ಟಿಕ್ ಮೊಟ್ಟೆ ಇಡಿ. ಮೊಟ್ಟೆ ತೆಗೆದು ತಟ್ಟೆ ಬರಿದು ಮಾಡಿದರೆ ಹೆಣ್ಣು ಬೇಗನೆ ಮತ್ತೆ ಇಟ್ಟು ಮೈಯ ಸುಣ್ಣ ಕಳೆದುಕೊಳ್ಳುತ್ತದೆ. ಸುಳ್ಳು ಮೊಟ್ಟೆಯ ಮೇಲೆ ಕೂತು ಬೇಸತ್ತು ತಾನೇ ಏಳಲಿ, ಅಷ್ಟು ಕಾಲ ಅದಕ್ಕೆ ವಿಶ್ರಾಂತಿ.

ಹಂತ 11: ಕಾಯಿಲೆಯ ಗುರುತು ಕಲಿಯಿರಿ

- *ಬಾಯೊಳಗೆ ಹಳದಿ ಗಂಟು, ನುಂಗಲು ಕಷ್ಟ:* ಕ್ಯಾಂಕರ್. ನೀರಿನಿಂದ, ತಂದೆ ತಾಯಿಯ ಗುಟುಕಿನಿಂದ ಹರಡುತ್ತದೆ. ಬೇಗ ತೋರಿಸಿದರೆ ಗುಣವಾಗುತ್ತದೆ.
- *ಕತ್ತು ತಿರುಚುವುದು, ಕಾಳಿಗೆ ಕುಟುಕಿದರೆ ಗುರಿ ತಪ್ಪುವುದು, ನೀರು ಹಿಕ್ಕೆ:* ಪ್ಯಾರಾಮಿಕ್ಸೊ ವೈರಸ್ ಇರಬಹುದು. ತಕ್ಷಣ ಬೇರೆ ಇಡಿ. ಔಷಧವಿಲ್ಲ, ಆದರೆ ಆಳವಾದ ಬಟ್ಟಲಲ್ಲಿ ಕಾಳಿಟ್ಟು ಆರೈಕೆ ಮಾಡಿದರೆ ಬದುಕುವುದುಂಟು.
- *ಕೊಕ್ಕು, ಕಣ್ಣಿನ ಸುತ್ತ ಗುಳ್ಳೆ, ಹಕ್ಕಳೆ:* ಸಿಡುಬು. ಸೊಳ್ಳೆಯಿಂದ ಬರುತ್ತದೆ. ಮಳೆಗಾಲದಲ್ಲಿ ಗೂಡಿಗೆ ಸೊಳ್ಳೆ ಪರದೆ ಕಟ್ಟಿ, ಸುತ್ತ ನೀರು ನಿಲ್ಲದಂತೆ ನೋಡಿ.
- *ಎದೆಮೂಳೆ ಎದ್ದು ಕಾಣುವುದು, ತಿಂದರೂ ಸೊರಗುವುದು:* ಜಂತು ಅಥವಾ ಕಾಕ್ಸಿಡಿಯಾ. ಹಿಕ್ಕೆ ಪರೀಕ್ಷೆ ಮಾಡಿಸಿ.
- *ಕಾಲು ಬೆರಳಿಗೆ ಕೂದಲು, ದಾರ ಸುತ್ತಿರುವುದು:* ಬಿಡಿಸಿ ತೆಗೆಯಿರಿ, ಬಿಟ್ಟರೆ ಬೆರಳೇ ಉದುರುತ್ತದೆ.

ಕಾಯಿಲೆ ಹಕ್ಕಿಯನ್ನು ಬೇರೆ ಮಾಡಿ, ಬೆಚ್ಚಗಿಟ್ಟು, ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅವರಿವರು ಹೇಳಿದ ಆ್ಯಂಟಿಬಯಾಟಿಕ್ ಅನ್ನು ನೀರಿಗೆ ಬೆರೆಸುವ ಚಾಳಿ ಬೇಡ. ರೋಗ ವಾಸಿಯಾಗದು, ಔಷಧವೂ ಮುಂದೆ ನಾಟದು. ಹಕ್ಕಿಜ್ವರದ ಸುದ್ದಿ ಇರುವಾಗ ಹಕ್ಕಿ ಹಾರಿಸಬೇಡಿ, ಪಶುಸಂಗೋಪನಾ ಇಲಾಖೆ ಹೇಳಿದಂತೆ ನಡೆಯಿರಿ. ಹಕ್ಕಿ ಮುಟ್ಟಿದ ಮೇಲೆ ಮಕ್ಕಳೂ ದೊಡ್ಡವರೂ ಸೋಪಿನಿಂದ ಕೈ ತೊಳೆಯಲೇಬೇಕು.

ಕೊನೆಯ ಮಾತು

ಒಂದು ಜೋಡಿಯಿಂದ ಶುರುಮಾಡಿ, ಹೆಚ್ಚೆಂದರೆ ಎರಡು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಅವನ್ನು ಆರೋಗ್ಯವಾಗಿ ದಾಟಿಸಿ. ಅಷ್ಟು ಹೊತ್ತಿಗೆ ನಿಮ್ಮ ಗೂಡಿನ ಯಾವ ಮೂಲೆ ಸೋರುತ್ತದೆ, ಯಾವ ಕಾಳು ನಿಮ್ಮ ಹಕ್ಕಿಗೆ ಹಿಡಿಸುತ್ತದೆ, ದಿನಕ್ಕೆ ಎಷ್ಟು ಹೊತ್ತು ನೀವು ಕೊಡಬಲ್ಲಿರಿ ಎಂಬುದು ಗೊತ್ತಾಗಿರುತ್ತದೆ. ಆಮೇಲೆ ಬೇಕೆನಿಸಿದರೆ ಮುಂದಿನ ಜೋಡಿ ತನ್ನಿ. ಸಾಕಲು ಆಗದ ದಿನ ಬಂದರೆ ಬೀದಿಗೆ ಬಿಡದೆ, ಸಾಕಬಲ್ಲ ಇನ್ನೊಬ್ಬರ ಗೂಡಿಗೆ ಸೇರಿಸಿ. ನಮ್ಮನ್ನು ನಂಬಿದ ಹಕ್ಕಿಗೆ ಇಷ್ಟು ಮಾಡುವುದು ಸಾಕುವವರ ಕರ್ತವ್ಯ.